ಘಾಟಲ್ಲಪ್ಪ, ನಾತ

ಮೊನ್ನೆ ಓಪಿಡಿ ಮುಗಿಸಿ ಕೈ ತೊಳೆಯುತ್ತಿದ್ದಾಗ ಹೊಸದಾಗಿ ಸೇರಿದ ಜೂನಿಯರ್ ಕೇಳಿದಳು: “ಸರ್, ಗಿನಿ ಪಿಗ್ ವಾಸನೆ ಅಂತ ಟೆಲಿ ಕಾಲ್ ಬಂದ್ರೆ ರೆಡಿ ಮೆಸೇಜ್ ಕಳಿಸಿ ಕ್ಲೋಸ್ ಮಾಡ್ಲಾ?” ಬೇಡ ಅಂದೆ. ಯಾಕೆ ಅಂತ ಅಲ್ಲೇ ನಿಂತು ಹೇಳುವಷ್ಟು ಹೊತ್ತಿರಲಿಲ್ಲ, ಹೊರಗೆ ಎರಡು ಲ್ಯಾಬ್ರಡಾರ್ ಕಾಯುತ್ತಿದ್ದವು. ಅವಳಿಗೆ ಹೇಳಬೇಕಾದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಳೆದ ವರ್ಷ ಆಷಾಢ. ಬೆಂಗಳೂರಲ್ಲಿ ವಾರವಿಡೀ ಜಿಟಿಜಿಟಿ ಮಳೆ, ಯಾರ ಮನೆಯಲ್ಲೂ ಬಟ್ಟೆ ಒಣಗುತ್ತಿರಲಿಲ್ಲ. ಆಗ ನಾನಿದ್ದ ಕ್ಲಿನಿಕ್ಕಿನಲ್ಲಿ ಫೋನಿನಲ್ಲೇ ಸಲಹೆ ಕೊಡುವ ಟೆಲಿ ಸ್ಲಾಟ್ ಅಂದರೆ ಒಂದು ಕರೆಗೆ ಆರು ನಿಮಿಷ. ಪರದೆಯ ಮೇಲೆ ‘ದೂರು’ ಅನ್ನುವ ಪಟ್ಟಿಯಲ್ಲಿ ಒಂದನ್ನು ಆರಿಸಬೇಕು. ‘ವಾಸನೆ’ ಅಂತ ಒತ್ತಿದರೆ ಸಿದ್ಧ ಸಂದೇಶ ತಾನಾಗಿ ಹೋಗುತ್ತದೆ, ಟಿಕೆಟ್ ಮುಚ್ಚುತ್ತದೆ. ತಿಂಗಳ ಕೊನೆಗೆ ಮ್ಯಾನೇಜ್‌ಮೆಂಟ್ ನೋಡುತ್ತಿದ್ದದ್ದು ಮುಚ್ಚಿದ ಟಿಕೆಟ್ಟಿನ ಲೆಕ್ಕ.

ಕರೆ ಮಾಡಿದವರು ಇಬ್ಬರು ಮಕ್ಕಳ ತಾಯಿ. ಎರಡು ಗಂಡು ಗಿನಿ ಪಿಗ್, ಗುಂಡ ಮತ್ತು ಕಡ್ಲೆ. ಗುಂಡನಿಗೆ ನಾಲ್ಕೂವರೆ ವರ್ಷ, ಕಡ್ಲೆಗೆ ಒಂದು. ಹಾಲ್‌ನ ಮೂಲೆಯಲ್ಲಿ ಮೂರಡಿ ಉದ್ದ, ಎರಡಡಿ ಅಗಲದ ಪಂಜರ, ಪಕ್ಕದ ಗೋಡೆಯಾಚೆ ದೇವರ ಮನೆ. ವಾಸನೆಗೆ ಅತ್ತೆಯವರು ಪೂಜೆಗೆ ಕೂರೋಕೇ ಆಗ್ತಿಲ್ಲ ಅಂತಾರೆ ಡಾಕ್ಟ್ರೇ, ಅಂದರು. ಫೋನಿನ ಹಿಂದಿನಿಂದ ಅಜ್ಜಿಯ ದನಿ ಸ್ಪಷ್ಟವಾಗಿ ಕೇಳಿತು: “ಘಾಟಲ್ಲಪ್ಪ, ನಾತ! ಸತ್ತ ಇಲಿ ನಾತ!” ಸೊಸೆ ದನಿ ತಗ್ಗಿಸಿ, “ಅವರಿಗೆ ಮೊದಲಿಂದ್ಲೂ ಇವು ಮನೇಲಿರೋದು ಇಷ್ಟ ಇಲ್ಲ,” ಅಂದರು.

ನಾನು ಆ ಕೊನೆಯ ಮಾತನ್ನು ಹಿಡಿದುಕೊಂಡೆ. ಮಡಿ ಮೈಲಿಗೆಯ ಅಜ್ಜಿ, ಮೊಮ್ಮಕ್ಕಳ ಪ್ರಾಣಿ, ಚಿಕ್ಕ ಮನೆ. ಇಂಥ ಕರೆ ವಾರಕ್ಕೆ ನಾಲ್ಕು ಬರುತ್ತಿದ್ದವು. ‘ವಾಸನೆ’ ಒತ್ತಿದೆ.

ಹೋದ ಸಂದೇಶದಲ್ಲಿ ಒಂದು ಸಾಲೂ ತಪ್ಪಿರಲಿಲ್ಲ. ಒದ್ದೆಯಾದ ಹಾಸನ್ನು ದಿನಾ ತೆಗೆಯಿರಿ. ವಾರಕ್ಕೆರಡು ಸಲ ಪೂರ್ತಿ ಬದಲಿಸಿ. ಬಡಗಿ ಅಂಗಡಿಯ ಹೊಟ್ಟು ಬೇಡ, ಕಾಗದದ ಹಾಸು ಬಳಸಿ. ತಳದಲ್ಲಿ ಗಟ್ಟಿಯಾದ ಬಿಳಿ ಪದರಕ್ಕೆ ವಿನೆಗರ್ ಮತ್ತು ನೀರು ಸಮಪಾಲು ಹಾಕಿ ಹತ್ತು ನಿಮಿಷ ಬಿಟ್ಟು ಒರೆಸಿ. ಫಿನಾಯಿಲ್ ಬೇಡ. ಬ್ಲೀಚನ್ನು ಮೂತ್ರದ ಮೇಲಾಗಲಿ ವಿನೆಗರ್ ಜೊತೆಗಾಗಲಿ ಸುರಿಯಲೇಬೇಡಿ, ವಿಷದ ಗಾಳಿ ಏಳುತ್ತದೆ. ಇದನ್ನೆಲ್ಲ ಈಗಲೂ ಹೇಳುತ್ತೇನೆ. ಗಿನಿ ಪಿಗ್ ಮೂತ್ರದಲ್ಲಿ ಸುಣ್ಣದ ಅಂಶ ಸಹಜವಾಗಿಯೇ ಹೆಚ್ಚು, ಆ ಬಿಳಿ ಪದರ ಅದೇ. ಹಸಿ ಮೂತ್ರ ಅಷ್ಟೇನೂ ನಾರುವುದಿಲ್ಲ. ಹಾಸಿನಲ್ಲಿ ನಿಂತು ಬ್ಯಾಕ್ಟೀರಿಯಾ ಸೇರಿ ಯೂರಿಯಾ ಒಡೆದಾಗ ಅಮೋನಿಯಾ ಏಳುತ್ತದೆ. ನಾವು ಐದಡಿ ಎತ್ತರದಲ್ಲಿ ಉಸಿರಾಡುತ್ತೇವೆ, ಅವುಗಳ ಮೂಗು ಪಂಜರದ ಹಾಸಿನಿಂದ ನಾಲ್ಕು ಬೆರಳು ಮೇಲೆ. ನಮಗೆ ಕಣ್ಣುರಿ ಬರುವ ಹೊತ್ತಿಗೆ ಅವುಗಳ ಶ್ವಾಸನಾಳ ಎಷ್ಟೋ ದಿನ ಬೆಂದಿರುತ್ತದೆ, ಅದರ ಹಿಂದೆಯೇ ನ್ಯುಮೋನಿಯಾ ಬರಬಹುದು.

ಒಂಬತ್ತು ದಿನ ಬಿಟ್ಟು ಅದೇ ನಂಬರಿಂದ ಮೆಸೇಜ್. ಎಲ್ಲಾ ಮಾಡ್ತಿದ್ದೀವಿ, ಪಂಜರ ಹೊಳೀತಿದೆ, ಆದ್ರೂ ವಾಸನೆ ಹೋಗಿಲ್ಲ, ಗುಂಡನ ಹತ್ರಾನೇ ಜಾಸ್ತಿ. ಇಷ್ಟು ಓದಿದ ಯಾವ ಪಶುವೈದ್ಯನೂ ಕರೆದುಕೊಂಡು ಬನ್ನಿ ಅನ್ನಬೇಕಿತ್ತು. ಒಂದು ಪಂಜರ, ಒಂದೇ ಹಾಸು, ಎರಡು ಪ್ರಾಣಿ, ನಾತ ಒಂದರದ್ದು ಮಾತ್ರ. ನಾನು ಎರಡು ಕರೆಗಳ ನಡುವೆ ಟೈಪ್ ಮಾಡಿದ್ದು: “ಬೇಕಾದರೆ ಹಿಂಭಾಗ ಬೆಚ್ಚಗಿನ ನೀರಲ್ಲಿ ತೊಳೆಯಿರಿ.”

ಅವರು ದಿನಾ ತೊಳೆದರು. ಆ ಮಳೆಯಲ್ಲಿ ಉದ್ದ ಕೂದಲಿನ ಪ್ರಾಣಿ ಎಲ್ಲಿ ಒಣಗಬೇಕು?

ಮೊದಲ ಕರೆಯಾಗಿ 19ನೇ ದಿನ ಸಂಜೆ ಬಂದರು. ತಾಯಿ ಆಫೀಸಿನಿಂದ ಹೊರಟಿರಲಿಲ್ಲ. ಬಂದದ್ದು ಅಜ್ಜಿ ಮತ್ತು ಹತ್ತು ವರ್ಷದ ಮೊಮ್ಮಗ, ಆಟೋದಲ್ಲಿ, ಗುಂಡನನ್ನು ರಟ್ಟಿನ ಡಬ್ಬದಲ್ಲಿ ಹಳೇ ಸೀರೆ ಹಾಸಿ ಮಲಗಿಸಿಕೊಂಡು. ಡಬ್ಬದ ಮುಚ್ಚಳ ತೆಗೆದಾಗ ಬಂದದ್ದು ಘಾಟಲ್ಲ, ನಾತ. ಅಜ್ಜಿ ಫೋನಿನಲ್ಲಿ ಹೇಳಿದ್ದೇ ಪದ.

ತೂಕ 990 ಗ್ರಾಂ. ಮಾರ್ಚ್‌ನಲ್ಲಿ ಉಗುರು ಕತ್ತರಿಸಲು ಬಂದಾಗಿನ ಶೀಟಿನಲ್ಲಿ 1,180 ಇತ್ತು. ಟೇಬಲ್ ಮೇಲೆ ಇಟ್ಟರೆ ಸದ್ದೇ ಇಲ್ಲ. ಕೈ ಹಾಕಿದರೆ ವೀಕ್ ವೀಕ್ ಅಂತ ಕಿರುಚುವ ಪ್ರಾಣಿ ಸುಮ್ಮನಿದ್ದರೆ ನನ್ನ ಹೊಟ್ಟೆ ತಣ್ಣಗಾಗುತ್ತದೆ. ಕಿವಿ ಮುಟ್ಟಿದೆ, ಅದೂ ತಣ್ಣಗಿತ್ತು. ಹಿಂಭಾಗದ ಕೂದಲು ಸರಿಸಿದೆ. ನಿಂಬೆಹಣ್ಣಿನ ಗಾತ್ರದ ಉಬ್ಬು, ಒಳಗೆ ಅಂಟಂಟಾದ ಹಸಿರುಗಪ್ಪು ಮುದ್ದೆ, ಅದಕ್ಕೆ ಮೆತ್ತಿಕೊಂಡ ಕೂದಲು, ನಾನೇ ಹೇಳಿದ್ದ ಕಾಗದದ ಹಾಸಿನ ಚೂರುಗಳು. ಇಂಪ್ಯಾಕ್ಷನ್, ಅಂದರೆ ಹಿಕ್ಕೆ ಒಳಗೇ ಕಟ್ಟಿಕೊಳ್ಳುವುದು. ಗಿನಿ ಪಿಗ್‌ಗಳು ಮೆತ್ತನೆಯ ಹಿಕ್ಕೆಯನ್ನು ಬರುತ್ತಿದ್ದ ಹಾಗೇ ಬಾಯಿ ಹಾಕಿ ತಿಂದುಬಿಡುತ್ತವೆ, ಅವುಗಳಿಗೆ ಅದು ಆಹಾರ. ವಯಸ್ಸಾದ ಗಂಡಿಗೆ ಅಲ್ಲಿನ ಸ್ನಾಯು ಸಡಿಲವಾದರೆ ಅದು ಒಳಗೇ ಕೂತು ಕೊಳೆಯುತ್ತದೆ. ಪಂಜರ ಎಷ್ಟು ತೊಳೆದರೂ ಆ ವಾಸನೆ ಹೋಗುವಂಥದ್ದಲ್ಲ.

ಆಮೇಲೆ ಪಕ್ಕದ ಕೂದಲು ತಾನಾಗಿ ಅಲುಗಿತು. ಹುಳ ಬಿದ್ದಿತ್ತು.

ಅಲ್ಲಿಂದ ಸುಮಾರು ಮುಕ್ಕಾಲು ಗಂಟೆ. ಹೀಟ್ ಪ್ಯಾಡ್ ಹಾಕಿದೆವು, ನೋವಿಗೆ ಮೊದಲು ಬ್ಯುಟಾರ್ಫನಾಲ್, ಚರ್ಮದಡಿಗೆ ಬೆಚ್ಚಗಿನ ಫ್ಲೂಯಿಡ್. ಪೂರ್ತಿ ಅರಿವಳಿಕೆ ಕೊಡುವ ಧೈರ್ಯ ಆ ಸ್ಥಿತಿಯಲ್ಲಿ ಇರಲಿಲ್ಲ. ಟವೆಲ್ಲಿನಲ್ಲಿ ಸುತ್ತಿ ತಲೆಯ ಕಡೆ ಹುಡುಗ ಹಿಡಿದುಕೊಂಡ, ಹೊರಗೆ ಹೋಗು ಅಂದರೆ ಹೋಗಲಿಲ್ಲ. ಇವುಗಳ ಚರ್ಮ ಒದ್ದೆ ಕಾಗದದ ಹಾಗೆ, ಕ್ಲಿಪ್ಪರ್ ಸ್ವಲ್ಪ ವಾಲಿದರೆ ಸೀಳುತ್ತದೆ. ಫೋರ್ಸೆಪ್ಸಿನಲ್ಲಿ ಒಂದೊಂದೇ ಹುಳ ತೆಗೆದು ಸ್ಪಿರಿಟ್ ಬಟ್ಟಲಿಗೆ ಹಾಕಿದೆ. 42ರವರೆಗೆ ಎಣಿಸಿದೆ. ಎರಡು ನಿಮಿಷಕ್ಕೊಮ್ಮೆ ಕೈ ತೆಗೆದು ಉಸಿರು ನೋಡುವುದು, ಮತ್ತೆ ಶುರು ಮಾಡುವುದು. ಒಮ್ಮೆ ಪಕ್ಕೆ ಆಡಲೇ ಇಲ್ಲ. ನರ್ಸ್ ಸ್ಟೆತ್ ಇಟ್ಟು ತಲೆ ಆಡಿಸುವವರೆಗೆ ಕೋಣೆಯಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಲಿಕ್ವಿಡ್ ಪ್ಯಾರಫಿನ್ ಬಿಟ್ಟು, ಬೆರಳಿಂದ ಒತ್ತಿ ಒತ್ತಿ ಮುದ್ದೆ ತೆಗೆದೆ.

ಅಜ್ಜಿ ಗೋಡೆಗೊರಗಿ ನಿಂತಿದ್ದರು. ಸೆರಗು ಮೂಗಿಗೆ ಹಿಡಿಯಲಿಲ್ಲ. “ನಾನು ಅವತ್ತೇ ಅಂದೆನಲ್ಲಪ್ಪ,” ಅಂದರು. ಗದರಿಕೆ ಇರಲಿಲ್ಲ ಆ ದನಿಯಲ್ಲಿ.

“ಅಂದಿದ್ರಿ ಅಜ್ಜಿ. ನಾನು ಕೇಳಿಸ್ಕೊಳ್ಳಲಿಲ್ಲ,” ಅಂದೆ.

ಔಷಧಿ ಬರೆಯಲು ಕೂತಾಗ ಇನ್ನೊಂದು. ‘ಗಾಯ’ ಅಂತ ಒತ್ತಿದ ತಕ್ಷಣ ಸಾಫ್ಟ್‌ವೇರ್ ಅಮಾಕ್ಸಿಸಿಲಿನ್ ಅನ್ನುವ ಆಂಟಿಬಯಾಟಿಕ್ ಸಿರಪ್ ತುಂಬಿಕೊಂಡಿತು, ನಾಯಿಯ ಪ್ರೋಟೋಕಾಲ್. ಗಿನಿ ಪಿಗ್‌ಗೆ ಬಾಯಿ ಮೂಲಕ ಅದನ್ನು ಕೊಟ್ಟರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸತ್ತು, ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಹೆಚ್ಚಿ, ಕೆಲವೇ ದಿನಗಳಲ್ಲಿ ಪ್ರಾಣಿ ಸಾಯಬಹುದು. ಸುಸ್ತಿನಲ್ಲಿ ಸೇವ್ ಒತ್ತುವುದರಲ್ಲಿದ್ದೆ. ಅಳಿಸಿ ಬೇರೆ ಆಂಟಿಬಯಾಟಿಕ್, ಎನ್ರೊಫ್ಲಾಕ್ಸಸಿನ್ ಬರೆದೆ. ಮೀಟಿಂಗಿನಲ್ಲಿ ಇದನ್ನು ಎತ್ತಿದಾಗ “ಎಕ್ಸಾಟಿಕ್ ಕೇಸ್ ಎಷ್ಟಿವೆ ನಮ್ಮಲ್ಲಿ?” ಅಂತ ಕೇಳಿದರು, ಅಂದರೆ ನಾಯಿ ಬೆಕ್ಕು ಬಿಟ್ಟು ಇಂಥ ಅಪರೂಪದ ಸಾಕುಪ್ರಾಣಿಗಳು. ಒಂದಾದರೂ ಇದೆಯಲ್ಲ, ಅಷ್ಟು ಸಾಕಾಗಬೇಕಿತ್ತು.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ನಾವು ಓದಿದ್ದು ಹಸು, ಎಮ್ಮೆ, ಕುರಿ, ನಾಯಿ. ಈ ಪ್ರಾಣಿ ಪಾಠದಲ್ಲಿ ಬಂದದ್ದು ಹೆಚ್ಚಾಗಿ ಪ್ರಯೋಗಾಲಯದ ಜೀವಿಯಾಗಿ. ಪೆರು, ಬೊಲಿವಿಯಾದ ಬೆಟ್ಟದ ಮನೆಗಳಲ್ಲಿ ಇವು ಅಡುಗೆಮನೆಯ ನೆಲದ ಮೇಲೇ ಓಡಾಡಿಕೊಂಡು ಬೆಳೆದಿವೆ. ಆರೋಗ್ಯವಾಗಿರುವ ಗಿನಿ ಪಿಗ್‌ನ ಬೆನ್ನಿಗೆ ಮೂಗಿಟ್ಟರೆ ಒಣಹುಲ್ಲಿನ ವಾಸನೆ ಬರುತ್ತದೆ, ಅಷ್ಟೇ.

ಆದ್ದರಿಂದ ಈಗ ನನ್ನ ಮೊದಲ ಪ್ರಶ್ನೆ, ಎಂಥ ವಾಸನೆ? ನಮ್ಮ ಭಾಷೆಯಲ್ಲಿ ಅದಕ್ಕೆ ಪದಗಳು ಬೇಕಾದಷ್ಟಿವೆ, ಮನೆಯ ಹಿರಿಯರು ಅವನ್ನು ಸರಿಯಾಗಿಯೇ ಬಳಸುತ್ತಾರೆ. ಘಾಟು ಅಂದರೆ ಅಮೋನಿಯಾ: ಹಾಸು, ಗಾಳಿ, ಪಂಜರದ ಅಳತೆ ನೋಡಬೇಕು. ಎರಡು ಪ್ರಾಣಿಗೆ ಕನಿಷ್ಠ ಏಳೂವರೆ ಚದರ ಅಡಿ ಬೇಕು, ಇವರದ್ದು ಆರೇ ಇತ್ತು. ಮುಗ್ಗಲು ಅಂದರೆ ಹುಲ್ಲಿಗೆ ಬೂಷ್ಟು ಹಿಡಿದಿದೆ, ಮಳೆಗಾಲದಲ್ಲಿ ಮೂಟೆಯ ತಳ ತೋರಿಸಿ ಅನ್ನುತ್ತೇನೆ. ಕಮಟು ಅಂದರೆ ಬೆನ್ನಿನ ಬುಡದ ಎಣ್ಣೆ ಗ್ರಂಥಿ, ಗಂಡಿಗೆ ಸಹಜ, ಒರೆಸಿದರಾಯಿತು. ನಾತ ಅಂದರೆ ಪಂಜರದ ಮಾತೇ ಬೇಡ, ಪ್ರಾಣಿಯನ್ನು ಇವತ್ತೇ ತನ್ನಿ. ಹಿಂಭಾಗ, ಬಾಯಿ, ಪಾದ, ಯಾವುದೋ ಒಂದು ಕೊಳೆಯುತ್ತಿದೆ. ಫೋನಿನಲ್ಲಿ ಮಾತಾಡುತ್ತಿರುವವರ ಹಿಂದೆ ಇನ್ನೊಬ್ಬರ ದನಿ ಕೇಳಿದರೆ ಅವರಿಗೆ ಫೋನ್ ಕೊಡಿ ಅನ್ನುತ್ತೇನೆ. ಸ್ಲಾಟ್ ಮೀರಿದರೆ ಮೀರಲಿ.

ಗುಂಡ ಎರಡು ರಾತ್ರಿ ವಾರ್ಡಿನಲ್ಲಿದ್ದ. ಮೂರನೇ ಬೆಳಿಗ್ಗೆ ನರ್ಸ್ ಕೊತ್ತಂಬರಿ ಸೊಪ್ಪಿನ ಪ್ಲಾಸ್ಟಿಕ್ ಕವರ್ ಬಿಚ್ಚಿದಾಗ ಪಂಜರದೊಳಗಿಂದ ಒಂದು ವೀಕ್ ಕೇಳಿತು, ತೆಳ್ಳಗೆ, ಒಡಕು ಒಡಕಾಗಿ. ಸಿರಿಂಜ್ ಫೀಡ್ ಪಕ್ಕಕ್ಕಿಟ್ಟೆ. ಇಂಪ್ಯಾಕ್ಷನ್ ವಾಸಿಯಾಗುವಂಥದ್ದಲ್ಲ, ಅವನಿರುವವರೆಗೂ ವಾರಕ್ಕೆರಡು ಮೂರು ಸಲ ಕೈಯಿಂದ ತೆಗೆಯಬೇಕು. ಹುಡುಗನಿಗೆ ಕಲಿಸಿದೆ. ಪ್ಯಾರಫಿನ್ ಹನಿ ಹಾಕುವುದು, ಎರಡು ಬೆರಳಲ್ಲಿ ಮೆಲ್ಲಗೆ ಒತ್ತುವುದು, ಆಮೇಲೆ ಪೂರ್ತಿ ಒಣಗಿಸುವುದು. ಅಜ್ಜಿ ಗಣಪತಿಗೆಂದು ತರುವ ಗರಿಕೆಯಲ್ಲಿ ಒಂದು ಹಿಡಿ ಅವನಿಗೂ ತೆಗೆದಿಡುತ್ತಾರಂತೆ. ಹೋದ ತಿಂಗಳು ತೂಕಕ್ಕೆ ತಂದಾಗ 1,140 ಇದ್ದ. ಹುಡುಗ ಟೇಬಲ್ ಮೇಲಿಡುವ ಮೊದಲು ಅಜ್ಜಿ ಅವನನ್ನು ಎತ್ತಿ, ತಿರುಗಿಸಿ, ಹಿಂಭಾಗಕ್ಕೆ ಮೂಗು ಹತ್ತಿರ ತಂದು ನೋಡಿ, “ಏನಿಲ್ಲಪ್ಪ, ಇವತ್ತು ಬರೀ ಹುಲ್ಲು,” ಅಂದರು. ಶೀಟಿನಲ್ಲಿ ಹಾಗೇ ಬರೆದುಕೊಂಡೆ.