ಕೊನೆ ಗೊತ್ತಿದ್ದೂ ಮತ್ತೆ ಯಾಕೆ ನೋಡ್ತೀರಿ?

ಮನೆಗೆ ಬಂದವರು ಟಿವಿ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಕಡೆ ನೋಡಿ ಈ ಪ್ರಶ್ನೆ ಕೇಳುತ್ತಾರೆ. ಪರದೆ ಮೇಲೆ ಬಣ್ಣ ಇರುವುದಿಲ್ಲ. ಸೂಟು ಹಾಕಿಕೊಂಡ ಒಬ್ಬ ಮನುಷ್ಯ ಬೆರಳ ನಡುವೆ ಸಿಗರೇಟು ಹಿಡಿದು, ಹಲ್ಲು ಕಚ್ಚಿಕೊಂಡವನ ಹಾಗೆ ಏನೋ ಹೇಳುತ್ತಿರುತ್ತಾನೆ. "ಇದನ್ನೇ ಅಲ್ವಾ ಹೋದ ಸಲ ಬಂದಾಗಲೂ ನೋಡ್ತಿದ್ದಿದ್ದು?" ಹೌದು, ಇದನ್ನೇ.

ಆ ಮನುಷ್ಯ ರಾಡ್ ಸರ್ಲಿಂಗ್. ಸರಣಿ 'ಟ್ವಿಲೈಟ್ ಜೋನ್'. ಅಮೆರಿಕದ ಸಿಬಿಎಸ್ ವಾಹಿನಿಯಲ್ಲಿ 1959ರ ಅಕ್ಟೋಬರ್‌ನಿಂದ 1964ರ ಜೂನ್‌ವರೆಗೆ ಬಂತು. ಒಟ್ಟು 156 ಕಂತು, ಅದರಲ್ಲಿ 92 ಕಂತುಗಳನ್ನು ಸರ್ಲಿಂಗ್ ತಾನೇ ಬರೆದ. ಪ್ರತಿ ಕಂತೂ ಬೇರೆ ಕಥೆ, ಬೇರೆ ಜನ. ಈ ವಾರ ಬಂದವರು ಮುಂದಿನ ವಾರ ಇರುವುದಿಲ್ಲ. ಹೆಚ್ಚಿನ ಕಥೆಗಳ ಕೊನೆಯಲ್ಲಿ ಒಂದು ತಿರುವು ಇರುತ್ತದೆ.

ಪ್ರಶ್ನೆಯ ಮೊನೆ ಇರುವುದು ಆ ತಿರುವಿನಲ್ಲೇ. ಉತ್ತರ ಗೊತ್ತಿರುವ ಒಗಟನ್ನು ಯಾರಾದರೂ ಮತ್ತೆ ಕೇಳಿಸಿಕೊಳ್ಳುತ್ತಾರಾ? ನನ್ನ ಅಕ್ಕನ ಮಗಳು ಇದನ್ನು ಇನ್ನೂ ನೇರವಾಗಿ ಕೇಳಿದಳು: "ಮಾಮಾ, ಕೊನೆ ಗೊತ್ತಿದ್ದೂ ನೋಡೋದು ವೇಸ್ಟ್ ಅಲ್ವಾ?"

ಸುಲಭದ ಉತ್ತರ ಒಂದಿದೆ. ಇಪ್ಪತ್ತೈದು ನಿಮಿಷಕ್ಕೆ ಮುಗಿಯುತ್ತದೆ, ಊಟದ ತಟ್ಟೆ ಖಾಲಿಯಾಗುವ ಹೊತ್ತಿಗೆ ಸರಿಹೋಗುತ್ತದೆ. (ನಾಲ್ಕನೇ ಸೀಸನ್ನಿನಲ್ಲಿ ಅದನ್ನೇ ಒಂದು ಗಂಟೆಗೆ ಎಳೆದರು. ಆ ಕಂತುಗಳು ನನಗೆ ಅಷ್ಟಾಗಿ ಹಿಡಿಸುವುದಿಲ್ಲ.) ಇದು ಸುಳ್ಳಲ್ಲ, ಆದರೆ ಪೂರ್ತಿ ಉತ್ತರವೂ ಅಲ್ಲ.

ಅದೇ ಕಾಲದಲ್ಲಿ ಇಂಥದ್ದೇ ಬಿಡಿ ಕಥೆಗಳ ಇನ್ನೊಂದು ಸರಣಿ ನಡೆಸುತ್ತಿದ್ದ ಆಲ್ಫ್ರೆಡ್ ಹಿಚ್‌ಕಾಕ್ ಒಂದು ಉದಾಹರಣೆ ಕೊಡುತ್ತಿದ್ದ. ಇಬ್ಬರು ಕೂತು ಮಾತಾಡುತ್ತಿದ್ದಾರೆ, ಮೇಜಿನ ಕೆಳಗೆ ಬಾಂಬಿದೆ. ನಮಗೆ ಅದು ಗೊತ್ತಿಲ್ಲದೆ ಸಿಡಿದರೆ ಹದಿನೈದು ಸೆಕೆಂಡಿನ ಬೆಚ್ಚು. ಮೊದಲೇ ಗೊತ್ತಿದ್ದರೆ ಅದೇ ಮಾತುಕತೆ ಹದಿನೈದು ನಿಮಿಷ ಉಸಿರು ಬಿಗಿಹಿಡಿಸುತ್ತದೆ. ನಾನು ಎರಡನೇ ಸಲ ನೋಡುವಾಗ ಬಾಂಬು ಎಲ್ಲಿದೆ ಅಂತ ಗೊತ್ತು. ಹಾಗಾಗಿ ಮೇಜಿನ ಮೇಲಿನ ಕಾಫಿ ಲೋಟವನ್ನೂ ನೋಡುತ್ತೇನೆ.

1959ರ ನವೆಂಬರ್‌ನಲ್ಲಿ ಬಂದ ಒಂದು ಕಂತಿದೆ, 'ಟೈಮ್ ಎನಫ್ ಅಟ್ ಲಾಸ್ಟ್'. ಹೆನ್ರಿ ಬೀಮಿಸ್ ಅಂತ ಒಬ್ಬ ಬ್ಯಾಂಕ್ ಕ್ಯಾಷಿಯರ್. ದಪ್ಪ ಕನ್ನಡಕ, ವಿಪರೀತ ಓದುವ ಹುಚ್ಚು. ಮನೆಯಲ್ಲಿ ಹೆಂಡತಿ ಓದಲು ಬಿಡುವುದಿಲ್ಲ, ಆಫೀಸಿನಲ್ಲಿ ಮ್ಯಾನೇಜರ್ ಬಿಡುವುದಿಲ್ಲ. ಮಧ್ಯಾಹ್ನ ಬ್ಯಾಂಕಿನ ವಾಲ್ಟ್ ಒಳಗೆ ಕೂತು ಓದುತ್ತಿರುವಾಗ ಹೊರಗೆ ಬಾಂಬ್ ಬಿದ್ದು ಲೋಕವೇ ನಾಶವಾಗುತ್ತದೆ. ಉಳಿದವನು ಇವನೊಬ್ಬನೇ. ಗ್ರಂಥಾಲಯದ ಮೆಟ್ಟಿಲ ಮೇಲೆ ಪುಸ್ತಕಗಳ ರಾಶಿ, ಇನ್ನು ಬೇಕಾದಷ್ಟು ಸಮಯ. ಅಷ್ಟರಲ್ಲಿ ಕನ್ನಡಕ ಜಾರಿ ಬಿದ್ದು ಒಡೆಯುತ್ತದೆ.

ಮೊದಲ ಸಲ ನೋಡಿದಾಗ ಆ ಕನ್ನಡಕ ಒಂದೇ ನೆನಪಿನಲ್ಲಿ ಉಳಿಯಿತು. ಎರಡನೇ ಸಲ ಹೆಂಡತಿ ಕಂಡಳು. ಪದ್ಯ ಓದಿ ಹೇಳು ಅಂತ ಪುಸ್ತಕ ಕೈಗಿಡುತ್ತಾಳೆ. ತೆರೆದರೆ ಪ್ರತಿ ಪುಟದ ಸಾಲುಗಳ ಮೇಲೂ ಅವಳೇ ಗೀಚಿ ಹಾಕಿದ್ದಾಳೆ. ಮೂರನೇ ಸಲವೋ ನಾಲ್ಕನೇ ಸಲವೋ, ಮೊದಲ ದೃಶ್ಯದಲ್ಲಿ ಕೌಂಟರ್ ಮುಂದೆ ನಿಂತ ಗ್ರಾಹಕಿ ಕಂಡಳು. ಬೀಮಿಸ್ ಓದುತ್ತ ಓದುತ್ತ ಅವಳಿಗೆ ದುಡ್ಡು ಕಮ್ಮಿ ಎಣಿಸಿ ಕೊಡುತ್ತಾನೆ. ಅವಳ ಕಡೆಯಿಂದ ನೋಡಿದರೆ ಇವನೇ ತಾಪತ್ರಯ. ಇವತ್ತಾಗಿದ್ದರೆ ಅವಳು ಮೊಬೈಲ್ ತೆಗೆಯುತ್ತಿದ್ದಳು. ಬ್ಯಾಂಕ್ ಕೌಂಟರ್ ವಿಡಿಯೊಗಳು ನಮಗೇನೂ ಹೊಸದಲ್ಲ. ಸಂಜೆ ಹೊತ್ತಿಗೆ ನಾವೆಲ್ಲ ಸೇರಿ ಬೀಮಿಸ್‌ನನ್ನು ಉಗಿದು ಉಪ್ಪಿನಕಾಯಿ ಹಾಕಿರುತ್ತಿದ್ದೆವು. ಕನ್ನಡಕದವರೆಗೆ ಯಾರೂ ಕಾಯುತ್ತಿರಲಿಲ್ಲ.

ಈಗ ಸ್ವಲ್ಪ ನಮ್ಮ ಬೀದಿಗೆ ಬರೋಣ.

ನಮ್ಮ ಬೀದಿಯಲ್ಲಿ ಕರೆಂಟ್ ಹೋದರೆ ಮೊದಲ ಕೆಲಸ ಮೇಣದಬತ್ತಿ ಹುಡುಕುವುದಲ್ಲ, ಕಿಟಕಿಯಿಂದ ಎದುರು ಮನೆ ನೋಡುವುದು. ಅಲ್ಲೂ ಕತ್ತಲೆ ಇದ್ದರೆ ಸಮಾಧಾನ. ಎಲ್ಲರಿಗೂ ಹೋಗಿದೆ, ಬರುತ್ತೆ ಬಿಡು. ನಮ್ಮದು ಮಾತ್ರ ಹೋಗಿದ್ದರೆ ಎದೆ ಧಸಕ್ ಅನ್ನುತ್ತದೆ. ಇನ್ನು ಊರಿಗೆಲ್ಲ ಹೋಗಿ ಒಂದೇ ಮನೆಯಲ್ಲಿ ದೀಪ ಉರಿಯುತ್ತಿದ್ದರೆ, ಅವರು ಯುಪಿಎಸ್ ಹಾಕಿಸಿದ್ದಾರೆ ಅಂತ ಗೊತ್ತಿದ್ದರೂ ಒಂದು ಸಣ್ಣ ಹೊಟ್ಟೆಯುರಿ. ಹೊರಗೆ ಬಂದು "ನಿಮ್ಮನೇಲೂ ಹೋಗಿದ್ಯಾ?" ಅಂತ ಕೇಳಿಕೊಳ್ಳುವ ಆ ಐದು ನಿಮಿಷದಲ್ಲೇ ಎದುರು ಮನೆಯ ಮಗು ನಡೆಯಲು ಕಲಿತದ್ದು ನನಗೆ ಗೊತ್ತಾಯಿತು. ವರ್ಷಗಟ್ಟಲೆ ಪಕ್ಕದಲ್ಲೇ ಇರುವ ನಿವೃತ್ತ ಮೇಷ್ಟರು ಕೊಳಲು ನುಡಿಸುತ್ತಾರೆ ಅಂತಲೂ ಹಾಗೇ ಗೊತ್ತಾಯಿತು. ಟಿವಿ ಸದ್ದಿನಲ್ಲಿ ಅದು ಯಾವತ್ತೂ ಕೇಳಿಸಿರಲಿಲ್ಲ.

ಸರ್ಲಿಂಗ್‌ನ 'ದಿ ಮಾನ್‌ಸ್ಟರ್ಸ್ ಆರ್ ಡ್ಯೂ ಆನ್ ಮೇಪಲ್ ಸ್ಟ್ರೀಟ್' ಶುರುವಾಗುವುದೂ ಹೀಗೇ. ಅದು ಬಂದದ್ದು 1960ರ ಮಾರ್ಚ್ 4ರಂದು. ಬೇಸಿಗೆಯ ಕೊನೆ, ಸಂಜೆ 6 ಗಂಟೆ 43 ನಿಮಿಷ. ಮರಗಳ ಸಾಲಿನ ಒಂದು ಬೀದಿ, ಆಡುವ ಮಕ್ಕಳು, ಐಸ್‌ಕ್ರೀಮ್ ಮಾರುವವನ ಗಂಟೆ. ಆಕಾಶದಲ್ಲಿ ಏನೋ ಗುಡುಗಿ ಮಿಂಚಿ ಹೋಗುತ್ತದೆ. ಕರೆಂಟ್ ಹೋಗುತ್ತದೆ, ಫೋನ್ ನಿಲ್ಲುತ್ತದೆ, ಕಾರುಗಳು ಸ್ಟಾರ್ಟ್ ಆಗುವುದಿಲ್ಲ. ಜನ ಹೊರಗೆ ಬರುತ್ತಾರೆ. ಪಕ್ಕದ ಬೀದಿಯಲ್ಲೂ ಹೀಗೇ ಇದೆಯಾ ನೋಡಿ ಬರ್ತೀನಿ ಅಂತ ಪೀಟ್ ಅನ್ನುವವನು ಹೊರಡುತ್ತಾನೆ.

ಆಗ ಕಾಮಿಕ್ಸ್ ಓದುವ ಒಬ್ಬ ಹುಡುಗ ಹೇಳುತ್ತಾನೆ: ಬೇರೆ ಗ್ರಹದವರು ಬರುವ ಮುಂಚೆ ತಮ್ಮ ಕಡೆಯ ಒಂದು ಕುಟುಂಬವನ್ನು ಕಳಿಸಿರ್ತಾರೆ, ನೋಡೋಕೆ ನಮ್ಮ ಹಾಗೇ ಇರ್ತಾರೆ. ದೊಡ್ಡವರು ನಗುತ್ತಾರೆ. ಅಷ್ಟರಲ್ಲಿ ಒಬ್ಬನ ಕಾರು ತಾನಾಗಿಯೇ ಸ್ಟಾರ್ಟ್ ಆಗುತ್ತದೆ. ನಗು ನಿಲ್ಲುತ್ತದೆ. ಅವನು ಅರ್ಧರಾತ್ರಿ ಅಂಗಳದಲ್ಲಿ ನಿಂತು ಆಕಾಶ ನೋಡ್ತಿರ್ತಾನೆ ಅಂತ ಪಕ್ಕದ ಮನೆಯವರಿಗೆ ಈಗ ನೆನಪಾಗುತ್ತದೆ. ನಿದ್ದೆ ಬರಲ್ಲ, ಅದಕ್ಕೇ ಅಂತ ಅವನು ಹೇಳಿದರೂ ಕೇಳುವವರಿಲ್ಲ. ಕತ್ತಲಾದ ಮೇಲೆ ದೂರದಿಂದ ಯಾರೋ ನಡೆದು ಬರುವುದು ಕಾಣುತ್ತದೆ. ಬಂದೂಕು ಹಾರುತ್ತದೆ. ಬಿದ್ದವನು ಪಕ್ಕದ ಬೀದಿ ನೋಡಲು ಹೋಗಿದ್ದ ಪೀಟ್. ಅಷ್ಟರಲ್ಲಿ ಗುಂಡು ಹೊಡೆದವನ ಮನೆಯಲ್ಲೇ ದೀಪ ಹತ್ತುತ್ತದೆ.

ಕೊನೆಯಲ್ಲಿ ಗುಡ್ಡದ ಮೇಲೆ ನಿಜವಾಗಿಯೂ ಬೇರೆ ಗ್ರಹದವರು ಇದ್ದಾರೆ. ಅವರು ಮಾಡಿದ್ದು ಇಷ್ಟೇ: ಕೆಲವು ಸ್ವಿಚ್ಚು ಆರಿಸಿದ್ದು, ಕೆಲವು ಹಾಕಿದ್ದು.

ಇದನ್ನು ನಾನು ಆರು ಸಲವಾದರೂ ನೋಡಿದ್ದೇನೆ. ನಿಜ ಹೇಳಬೇಕೆಂದರೆ, ಬಹಳ ವರ್ಷ ನಾನು ನನ್ನನ್ನು ಆ ಬೀದಿಯ ಶಾಂತ ಮನುಷ್ಯ ಸ್ಟೀವ್ ಅಂದುಕೊಂಡೇ ನೋಡುತ್ತಿದ್ದೆ. ಹುಚ್ಚರ ಹಾಗೆ ಆಡಬೇಡಿ ಅಂತ ಎಲ್ಲರನ್ನೂ ತಡೆಯುವವನು ಅವನು. ಎರಡು ವರ್ಷದ ಹಿಂದೆ ಆ ಭ್ರಮೆ ಹೋಯಿತು.

ನಮ್ಮ ಬೀದಿಗೂ ಒಂದು ವಾಟ್ಸಾಪ್ ಗ್ರೂಪಿದೆ. ಒಂದು ಬೆಳಿಗ್ಗೆ ಅದರಲ್ಲಿ ಹದಿನೈದು ಸೆಕೆಂಡಿನ ಸಿಸಿಟಿವಿ ತುಣುಕು ಬಂತು. ಬೆಳಗಿನ ಐದೂವರೆ, ಕಾಂಪೌಂಡಿನ ಆಚೆಯಿಂದ ಕೈ ಚಾಚಿ ದಾಸವಾಳ ಕೀಳುತ್ತಿರುವ ಒಬ್ಬರು ವಯಸ್ಸಾದ ಹೆಂಗಸು, ಕೈಯಲ್ಲಿ ಪ್ಲಾಸ್ಟಿಕ್ ಕವರ್. ಹೂಗಳ್ಳರ ಮೇಲೆ ನಮ್ಮ ಬಡಾವಣೆಗೆ ಹಳೇ ಸಿಟ್ಟು. ಅರ್ಧ ಗಂಟೆಯಲ್ಲಿ ಅರವತ್ತು ಮೆಸೇಜ್. ಕದ್ದ ಹೂವಲ್ಲಿ ಎಂಥ ಪೂಜೆ, ನಾಚಿಕೆ ಆಗಲ್ವಾ, ಇವತ್ತು ಹೂವು ನಾಳೆ ಗ್ಯಾಸ್ ಸಿಲಿಂಡರ್. ಯಾರೋ ಅವರ ಮುಖಕ್ಕೆ ಕೆಂಪು ವೃತ್ತ ಹಾಕಿ ಮತ್ತೆ ಕಳಿಸಿದರು. ನಾನೂ ಒಂದು ಸಾಲು ಬರೆದೆ. ತಮಾಷೆ ಅಂದುಕೊಂಡು ಬರೆದದ್ದು. ಹದಿನಾಲ್ಕು ಜನ ನಗುವ ಮುಖ ಒತ್ತಿದರು, ನನಗೆ ಖುಷಿಯೂ ಆಯಿತು.

ಮಧ್ಯಾಹ್ನ ಆ ಮನೆಯ ಅಜ್ಜಿಗೆ ಯಾರೋ ವಿಡಿಯೊ ತೋರಿಸಿದರು. ಆ ಹೆಂಗಸು ಅದೇ ಮನೆಯ ಕೆಳಗಿನ ಭಾಗದಲ್ಲಿ ಹನ್ನೊಂದು ವರ್ಷ ಬಾಡಿಗೆಗೆ ಇದ್ದವರಂತೆ. ಆ ದಾಸವಾಳದ ಗಿಡ ನೆಟ್ಟದ್ದೇ ಅವರು. ಮನೆ ಬಿಡುವಾಗ "ಹೂವು ಯಾವಾಗ ಬೇಕಾದ್ರೂ ಕಿತ್ಕೊಂಡು ಹೋಗಮ್ಮಾ" ಅಂತ ಹೇಳಿದ್ದು ಈ ಅಜ್ಜಿಯೇ. ವಿಡಿಯೊ ಹಾಕಿದ ಮೊಮ್ಮಗನಿಗೆ ಇದು ಗೊತ್ತಿರಲಿಲ್ಲ.

ಗ್ರೂಪಿನಲ್ಲಿ ಯಾರೂ ತಪ್ಪಾಯ್ತು ಅನ್ನಲಿಲ್ಲ. ಸಂಜೆವರೆಗೆ ಮೌನ. ಮಾರನೇ ದಿನ ಒಬ್ಬರು ಗುಲಾಬಿ ಹೂವಿನ ಚಿತ್ರ ಹಾಕಿ ಶುಭೋದಯ ಅಂದರು, ಎಲ್ಲರೂ ಕೈ ಮುಗಿದರು. ನಾನು ನನ್ನ ಸಾಲನ್ನು ಡಿಲೀಟ್ ಮಾಡಿದೆ. ಡಿಲೀಟ್ ಆಗಿದೆ ಅನ್ನುವ ಸಾಲು ಮಾತ್ರ ಅಲ್ಲೇ ಉಳಿಯಿತು.

ಆರ್.ಕೆ. ನಾರಾಯಣ್ ಅವರ ಮಾಲ್ಗುಡಿ ಕಥೆಗಳಲ್ಲಿ ಲೀಲಾ ಅನ್ನುವ ಪುಟ್ಟ ಹುಡುಗಿ ಮತ್ತು ಮನೆಯ ಆಳು ಸಿದ್ದನ ಕಥೆ ಇದೆ. ಮಗುವಿನ ಚಿನ್ನದ ಸರ ಕಾಣೆಯಾಗುತ್ತದೆ. ಸಿದ್ದ ಹೆದರಿ ಓಡುತ್ತಾನೆ. ಹಿಂದೆ ಜೈಲಿಗೆ ಹೋಗಿ ಬಂದವನು ಅಂತ ಪೊಲೀಸರು ಹೇಳಿದ ಮೇಲೆ ಯಾರಿಗೂ ಅನುಮಾನವೇ ಉಳಿಯುವುದಿಲ್ಲ, ಲೀಲಾಳೊಬ್ಬಳನ್ನು ಬಿಟ್ಟು. ಕೆಲವು ದಿನದ ಮೇಲೆ ಸರ ಹುಣಸೆಹಣ್ಣಿನ ಪಾತ್ರೆಯೊಳಗೆ ಸಿಗುತ್ತದೆ. ಆಗಲೂ ಮನೆಯ ಯಜಮಾನ, ಏನೇ ಆದರೂ ಅಂಥವನನ್ನು ಮನೆಯಲ್ಲಿ ಇಟ್ಟುಕೊಳ್ಳೋಕೆ ಆಗ್ತಿರಲಿಲ್ಲ ಅನ್ನುತ್ತಾನೆ. ಶಾಲೆಯಲ್ಲಿದ್ದಾಗ ಇದನ್ನು ಓದಿ ಹುಣಸೆಹಣ್ಣಿಗೆ ನಕ್ಕಿದ್ದೆ. ದಾಸವಾಳದ ಪ್ರಕರಣ ಆದ ಮೇಲೆ ಯಜಮಾನನ ಮಾತಿನ ಹತ್ತಿರ ನಿಂತುಬಿಟ್ಟೆ.

ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ದೂರದರ್ಶನದ 'ಮಾಲ್ಗುಡಿ ಡೇಸ್' ಸರಣಿಯನ್ನೂ ಆಗಾಗ ಹಾಕಿಕೊಂಡು ನೋಡುತ್ತೇನೆ. ಆರ್.ಕೆ. ಲಕ್ಷ್ಮಣ್ ಅವರ ಗೆರೆಗಳು, ಎಲ್. ವೈದ್ಯನಾಥನ್ ಅವರ ಆ 'ತಾನ ನಾನ' ಶುರುವಾದರೆ ಅಡುಗೆಮನೆಯಿಂದಲೂ ಜನ ಬರುತ್ತಾರೆ. ಅದರಲ್ಲೂ ಸ್ವಾಮಿಯಂಥ ಕೆಲವರನ್ನು ಬಿಟ್ಟರೆ, ಬರುವವರೆಲ್ಲ ಹೊಸಬರು.

ನನ್ನ ಮಟ್ಟಿಗೆ ವಿಷಯ ಇರುವುದು ಆ ಹೊಸಬರಲ್ಲೇ. ದಿನನಿತ್ಯದ ಧಾರಾವಾಹಿಯಲ್ಲಿ ಅತ್ತೆ ಬಾಗಿಲಿಗೆ ಬರುವ ಮುಂಚೆಯೇ ಢಂ ಅಂತ ಸಂಗೀತ ಬರುತ್ತದೆ. ಅವಳು ಬಾಯಿ ಬಿಡುವ ಮುಂಚೆ ನಾವು ಸಿಟ್ಟಾಗಿರುತ್ತೇವೆ. ಕೆಂಪು ವೃತ್ತದ ವಿಡಿಯೊ ಕೂಡ ಆ ಢಂ ಜೊತೆಗೇ ಬರುತ್ತದೆ. ಕಂತಿಗೊಂದು ಕಥೆ ಹೇಳುವ ಸರಣಿಯಲ್ಲಿ ಆ ಅನುಕೂಲ ಇಲ್ಲ. ಬಂದವನು ಯಾರು, ಒಳ್ಳೆಯವನಾ, ಏನಾದರೂ ಮುಚ್ಚಿಡುತ್ತಿದ್ದಾನಾ, ಒಂದೂ ಗೊತ್ತಿರುವುದಿಲ್ಲ. ಹತ್ತು ನಿಮಿಷವಾದರೂ ಸುಮ್ನೆ ಕೂತು ನೋಡಲೇಬೇಕು.

ಸರ್ಲಿಂಗ್‌ಗೆ ಈ ಸಿಟ್ಟಿನ ಪರಿಚಯ ಚೆನ್ನಾಗಿತ್ತು, ಅದೂ ಅಂಚೆಯಲ್ಲಿ. 1955ರ ಆಗಸ್ಟ್‌ನಲ್ಲಿ ಮಿಸಿಸಿಪ್ಪಿಯಲ್ಲಿ ಎಮೆಟ್ ಟಿಲ್ ಅನ್ನುವ ಹದಿನಾಲ್ಕು ವರ್ಷದ ಕಪ್ಪು ಹುಡುಗನನ್ನು ಕೊಂದರು. ಬರೀ ಬಿಳಿಯರಿದ್ದ ಜ್ಯೂರಿ ಇಬ್ಬರು ಆರೋಪಿಗಳನ್ನೂ ಬಿಟ್ಟುಬಿಟ್ಟಿತು. ಅದು ಮನಸ್ಸಿನಲ್ಲಿ ಕೊರೆದು ಸರ್ಲಿಂಗ್ 'ನೂನ್ ಆನ್ ಡೂಮ್ಸ್‌ಡೇ' ಅನ್ನುವ ಟಿವಿ ನಾಟಕ ಬರೆದ. ನಾಟಕ ಇನ್ನೂ ಪ್ರಸಾರವೇ ಆಗಿರಲಿಲ್ಲ, ಇದು ಟಿಲ್ ಪ್ರಕರಣದ ಕಥೆ ಅಂತ ಸುದ್ದಿ ಹಬ್ಬಿತು. ವರ್ಣಭೇದದ ಪರವಾಗಿದ್ದ ಬಿಳಿಯರ ಸಂಘಗಳಿಂದ ಸಾವಿರಾರು ಪತ್ರ, ತಂತಿ ಬಂದವು. ಯಾರೂ ನೋಡಿಲ್ಲದ ನಾಟಕದ ಮೇಲೆ ಅಷ್ಟು ಕೋಪ. ಪ್ರಾಯೋಜಕರು ನಡುಗಿದರು. ಕಥೆಯನ್ನು ದಕ್ಷಿಣದಿಂದ ಎತ್ತಿ ಉತ್ತರದ ನ್ಯೂ ಇಂಗ್ಲೆಂಡಿಗೆ ಹಾಕಿಸಿದರು. ಕೊಲೆಯಾದವನು ಯಾರೋ ಒಬ್ಬ ವಿದೇಶಿ ಆದ. ಕೋಕಾ ಕೋಲಾ ಬಾಟಲಿ ಕಂಡರೆ ದಕ್ಷಿಣದ ರಾಜ್ಯಗಳು ನೆನಪಾಗಬಹುದು ಅಂತ ಅದನ್ನೂ ಸೆಟ್‌ನಿಂದ ತೆಗೆಸಿದರು. 1956ರ ಏಪ್ರಿಲ್‌ನಲ್ಲಿ ಪ್ರಸಾರವಾದಾಗ ನಾಟಕದಲ್ಲಿ ಹೇಳಬೇಕಾದದ್ದು ಏನೂ ಉಳಿದಿರಲಿಲ್ಲ.

ಮೂರು ವರ್ಷದ ನಂತರ ಅದೇ ಸರ್ಲಿಂಗ್ ಬೇರೆ ಗ್ರಹದವರ ಕಥೆ ಹಿಡಿದು ಬಂದ. ರಾಕೆಟ್ಟು, ದೆವ್ವ, ಮಾತಾಡುವ ಗೊಂಬೆ. ಮಂಗಳ ಗ್ರಹದವರ ಪರವಾಗಿ ಪತ್ರ ಬರೆಯುವ ಸಂಘ ಯಾವುದೂ ಇರಲಿಲ್ಲ ನೋಡಿ. ಗುಂಪು ಸೇರಿ ಒಬ್ಬನ ಮೇಲೆ ಬೀಳುವ ಕಥೆಯನ್ನು ಮೇಪಲ್ ಸ್ಟ್ರೀಟ್‌ನಲ್ಲಿ ಹೇಳಿದ, ಯಾರೂ ಬಾಟಲಿ ತೆಗೆಸಲಿಲ್ಲ.

ಇದನ್ನೆಲ್ಲ ಅಕ್ಕನ ಮಗಳಿಗೆ ಹೇಳಿದೆ. ಅವಳು ಅರ್ಧ ಕೇಳಿ, ಅರ್ಧ ಮೊಬೈಲ್ ನೋಡುತ್ತ, "ಸರಿ, ಹಾಕು ಮಾಮ, ನೋಡೋಣ" ಅಂದಳು. ಮೇಪಲ್ ಸ್ಟ್ರೀಟ್ ಹಾಕಿದೆ. ಕಾರು ಸ್ಟಾರ್ಟ್ ಆದಾಗ ಮೊಬೈಲ್ ಮಗುಚಿ ಇಟ್ಟಳು. ಪೀಟ್ ಬಿದ್ದಾಗ "ಅಯ್ಯೋ" ಅಂದಳು. ಗುಡ್ಡದ ಮೇಲಿನವರು ಬಂದಾಗ ನಾನು ಅವಳ ಮುಖವನ್ನೇ ನೋಡುತ್ತಿದ್ದೆ, ಈಗ ಬೆಚ್ಚುತ್ತಾಳೆ ಅಂತ. ಬೆಚ್ಚಲೇ ಇಲ್ಲ. ಅವರ ಬಗ್ಗೆ ಒಂದು ಮಾತೂ ಆಡಲಿಲ್ಲ.

"ಮಾಮಾ, ಶುರುನಲ್ಲಿ ಐಸ್‌ಕ್ರೀಮ್ ಮಾರ್ತಿದ್ನಲ್ಲ, ಅವನೆಲ್ಲಿ ಹೋದ?"

ಆರು ಸಲ ನೋಡಿದ್ದೇನೆ. ಗಂಟೆ ಕೇಳಿಸಿದ್ದು ನೆನಪಿದೆ. ಅವನು ಯಾವಾಗ ಹೋದ, ಯಾವ ಕಡೆ ಹೋದ, ಒಂದೂ ನೆನಪಿಲ್ಲ. ರಿಮೋಟ್ ಅವಳೇ ತಗೊಂಡು ಮೊದಲಿನಿಂದ ಹಾಕಿದಳು.