"ನಿಮ್ಮ ಸಂಸ್ಥೆಯೋರು ಏನು ಕೊಡ್ತೀರಿ?" ಅಂತ ಕೇಳೋರಿಗೆ

ಶಿವಮೊಗ್ಗ ಜಿಲ್ಲೆ ಸಾಗರದ ಕಡೆ ಯಾವ ಮದುವೆಮನೆಗೆ ಹೋದ್ರೂ ಊಟಕ್ಕೆ ಪಕ್ಕದಲ್ಲಿ ಕೂತೋರು ಕೇಳೋದು ಇದನ್ನೇ, ಫಾರಿನ್ ಫಂಡಲ್ಲಿ ಕೆಲಸ ಮಾಡ್ತೀರಂತಲ್ಲ, ಏನು ಕೊಡ್ತೀರಿ, ಹೊಲಿಗೆ ಮಿಷನ್ನಾ ಸೋಲಾರ್ ಲೈಟಾ ಅಂತ. ಏನೂ ಕೊಡಲ್ಲ ಅಂದ್ರೆ, ಮತ್ತಿನ್ನೇನು ಮಾಡ್ತೀರಿ ಅಂತಾರೆ. ಜನ ತಮ್ಮ ಹಕ್ಕನ್ನ ತಾವೇ ಕೇಳಿ ಪಡೆಯೋಕೆ ಜೊತೆಗಿರ್ತೀವಿ, ಅಷ್ಟೇ.

ನಮ್ಮ ಕಾಲುಸಂಕದ, ಅಂದ್ರೆ ಹಳ್ಳ ದಾಟೋ ಸಣ್ಣ ಸೇತುವೆಯ ವಿಷಯಾನೇ ತಗೊಳ್ಳಿ. ಮಳೆಗಾಲದಲ್ಲಿ ಹಳ್ಳ ತುಂಬಿ ಹರೀವಾಗ ಮಕ್ಕಳು ಎರಡು ಅಡಿಕೆ ಮರದ ದಬ್ಬೆ ಮೇಲೆ ಸ್ಕೂಲಿಗೆ ದಾಟ್ತಾವೆ. ಯಾರೋ ಪುಣ್ಯಾತ್ಮರು ಗಟ್ಟಿ ಸಂಕ ಕಟ್ಟಿಸಿಕೊಟ್ರೆ ಒಳ್ಳೇದೇ, ನಾನು ಬೇಡ ಅನ್ನಲ್ಲ, ಆದ್ರೆ ನಾಲ್ಕು ಮಳೆಗಾಲ ಕಳೆದು ಅದು ಕೊಚ್ಚಿಕೊಂಡು ಹೋದ್ರೆ ಯಾರನ್ನ ಕೇಳೋದು? ದಾನ ಕೊಟ್ಟೋರನ್ನ ಎರಡನೇ ಸಲ ಕೇಳೋಕೆ ಬಾಯಿ ಬರಲ್ಲ. ಅದೇ, 6ರಿಂದ 14 ವರ್ಷದ ಮಕ್ಕಳಿಗೆ ಕಲಿಯೋದು ಹಕ್ಕು ಅಂತ 2009ರ ಕಾಯ್ದೇಲೇ ಇದೆ, ಅಂದ್ಮೇಲೆ ಸ್ಕೂಲಿಗೆ ಹೋಗೋ ದಾರೀನೂ ನೀವೇ ಮಾಡಿಕೊಡ್ಬೇಕು ಅಂತ ಗ್ರಾಮಸಭೇಲಿ ಎದ್ದು ಕೇಳಿ ನಡಾವಳೀಲಿ ಬರೆಸಿದ್ರೆ, ಮುಂದಿನ ವರ್ಷಾನೂ ಕೇಳಬಹುದು, ಆಗೋವರೆಗೂ ಕೇಳಬಹುದು. ಹಾಗೆ ಕೇಳೋಕೆ ಜೊತೆಗೆ ನಿಲ್ಲೋದು ನಮ್ಮ ಕೆಲಸ.

ಅಭಿವೃದ್ಧಿ ಅನ್ನೋದೇ ಮನುಷ್ಯರ ಹಕ್ಕು ಅಂತ ವಿಶ್ವಸಂಸ್ಥೆ 1986ರಲ್ಲಿ ಘೋಷಿಸ್ತು, 2003ರಲ್ಲಿ ಅದರ ಏಜೆನ್ಸಿಗಳೆಲ್ಲ ಸೇರಿ ನಮ್ಮ ಕೆಲಸ ಈ ಹಕ್ಕಿನ ದಾರೀಲೇ ನಡೀಬೇಕು ಅಂತ ಒಪ್ಪಿಕೊಂಡ್ವು. ಅಲ್ಲಿ ಜನ ಹಕ್ಕುದಾರರು, ಸರ್ಕಾರ ಹೊಣೆಗಾರ. ನಮ್ಮ ಆಫೀಸುಗಳಲ್ಲಿ ಬರೀತಾರಲ್ಲ ಫಲಾನುಭವಿ ಅಂತ, ಆ ಪದ ಕಂಡ್ರೆ ನನಗೆ ಆಗಲ್ಲ, ಯಾರೋ ಮರ ಅಲ್ಲಾಡಿಸಿದ್ರೆ ಬಿದ್ದಿದ್ದನ್ನ ಆರಿಸಿಕೊಳ್ಳೋರು ಅನ್ನೋ ಹಾಗೆ.

ಮಲೆನಾಡಿನೋರಿಗೆ ಇದನ್ನ ಜಿನೀವಾದಿಂದ ಯಾರೂ ಬಂದು ಹೇಳಬೇಕಾಗಿಲ್ಲ. 1951ರಲ್ಲಿ ಇಲ್ಲೇ ಸಾಗರದ ಹತ್ತಿರ ಕಾಗೋಡಿನ ಗೇಣಿದಾರರು ಎದ್ದಿದ್ದೇ ಕೊಳಗದ, ಅಂದ್ರೆ ಒಡೆಯರು ಗೇಣಿ ಭತ್ತ ಅಳೆಯೋ ಪಾತ್ರೆಯ ಅಳತೆ ಮೇಲೆ. ಒಂದು ಕೊಳಗ ಭತ್ತ ಬಿಟ್ಟುಕೊಡಿ ಒಡೆಯರೇ ಅಂತ ಅವರು ಕೈ ಮುಗೀಲಿಲ್ಲ, ಅಳತೆ ಸರಿ ಇರ್ಲಿ ಅಂದ್ರು.

ಈಗ ನಮ್ಮ ದಿನ ಹೆಚ್ಚು ಕಳೆಯೋದು 2006ರ ಅರಣ್ಯ ಹಕ್ಕು ಕಾಯ್ದೆ ಅರ್ಜಿಗಳ ಜೊತೆ, ಕಾಡಲ್ಲಿ ಬದುಕೋರು ತಮ್ಮ ಜಮೀನಿನ ಹಕ್ಕು ಕೇಳಿ ಹಾಕೋ ಅರ್ಜಿಗಳು ಅವು. ತಿರಸ್ಕಾರ ಆದ್ರೆ ಕಾರಣ ಬರೆದು ಕೊಡ್ಬೇಕು, ಮೇಲ್ಮನವಿಗೆ 60 ದಿನ ಇರುತ್ತೆ, ಇದು ಗೊತ್ತಿಲ್ಲದೆ ಎಷ್ಟೋ ಜನ ಆ ಕಾಗದಾನ ಹಾಗೇ ಮಡಚಿ ಟ್ರಂಕಲ್ಲಿ ಇಟ್ಟುಬಿಡ್ತಾರೆ. ಹೊಟ್ಟೆ ಉರಿಯುತ್ತೆ. ಫೋಟೋ ತೆಗೆದು ಕಳಿಸೋಕೆ ಇದರಲ್ಲಿ ಏನೂ ಇರಲ್ಲ, ವರ್ಷಗಟ್ಟಲೆ ಹಿಡಿಯುತ್ತೆ.

ಹೊಣೆ ಸರ್ಕಾರದ್ದು ಮಾತ್ರ ಅಲ್ಲ, ನಮ್ಮದೂ ಇದೆ. ಮೊನ್ನೆ ಮೀಟಿಂಗಲ್ಲಿ ಒಬ್ಬ ಅಜ್ಜಿ ಎದ್ದು "ತಂಗೀ, ನಮ್ಮೂರ ಹೆಸರಲ್ಲಿ ನಿಮಗೆ ಬಂದ ದುಡ್ಡೆಷ್ಟು, ಲೆಕ್ಕ ಓದು" ಅಂದ್ರು. ಕೂತು ಪೂರ್ತಿ ಓದಿ ಹೇಳಿದೆ.