ರುಚಿ ನೋಡದೆ ಮಾಡುವ ಹಯಗ್ರೀವ ಮಡ್ಡಿ

ಫಾಲ್ಗುಣ ಬಹುಳ ತದಿಗೆ ಹತ್ತಿರ ಬಂತೆಂದರೆ ರಾಜರ, ಅಂದರೆ ಮಾಧ್ವ ಯತಿ ಶ್ರೀ ವಾದಿರಾಜರ, ಭಕ್ತರ ಮನಸ್ಸು ಸೋದೆಯ ಕಡೆ ತಿರುಗುತ್ತದೆ. 1600ರಲ್ಲಿ ಅವರು ವೃಂದಾವನಸ್ಥರಾದ ತಿಥಿ ಅದು. ಶಿರಸಿ ತಾಲ್ಲೂಕಿನ ಈ ಪುಟ್ಟ ಊರು ಒಂದು ಕಾಲಕ್ಕೆ ಅರಸರ ರಾಜಧಾನಿ. ಅರಸಪ್ಪ ನಾಯಕರು ಗುರುಗಳಿಗೆ ನಡೆದುಕೊಂಡ ದೊರೆ. ಹೈದರಾಲಿಯ ಪಡೆ ಬಂದಾಗ ಆ ಮನೆತನ ಘಟ್ಟ ಇಳಿದು ಗೋವೆ ಸೇರಿತು. ಸೋದೆಯ ತ್ರಿವಿಕ್ರಮನ ಸನ್ನಿಧಿಯಲ್ಲಿ, ರಾಜರ ಪಂಚವೃಂದಾವನದ ಮುಂದೆ ಪೂಜೆ ಇಂದಿಗೂ ನಡೆಯುತ್ತಿದೆ.

ಅಲ್ಲಿಗೆ ಹೋಗಲಾಗದವರು ಮನೆಯಲ್ಲೇ ಕಡಲೆಬೇಳೆ, ಬೆಲ್ಲದ ಸಿಹಿಯಾದ ಹಯಗ್ರೀವ ಮಡ್ಡಿ ಮಾಡಿ ಸಮರ್ಪಿಸುತ್ತಾರೆ. ಬಿಳಿ ಕುದುರೆಯಾಗಿ ಬಂದು ಗುರುಗಳ ಹೆಗಲ ಮೇಲೆ ಕಾಲಿಟ್ಟು ಉಂಡ ಹಯಗ್ರೀವನಿಗೆ, ಕುದುರೆಮುಖದ ವಿಷ್ಣುವಿಗೆ, ಇದಕ್ಕಿಂತ ಪ್ರಿಯವಾದದ್ದು ಯಾವುದಿದೆ? ಆದರೆ ನೈವೇದ್ಯಕ್ಕೆ ಮುಂಚೆ ನಾಲಿಗೆಗೆ ಮುಟ್ಟಿಸುವಂತಿಲ್ಲ. ಕಣ್ಣು, ಬೆರಳು, ಮೂಗು ಇಷ್ಟರಲ್ಲೇ ಹದ ಹಿಡಿಯಬೇಕು. ಚಮಚದ ತುದಿಯಲ್ಲಿ ಒಂಚೂರು ನೋಡಿದರೇನು ಎನ್ನುವವರು ಈಗ ಹೆಚ್ಚು. ಅಳತೆ ಸರಿಯಿದ್ದರೆ ನೋಡುವ ಅಗತ್ಯವೇ ಬೀಳುವುದಿಲ್ಲ.

ಒಂದು ಲೋಟ ಕಡಲೆಬೇಳೆಗೆ ಒಂದೂಕಾಲು ಲೋಟ ಪುಡಿ ಬೆಲ್ಲ, ಅರ್ಧ ಲೋಟ ತುಪ್ಪ, ಅರ್ಧ ಲೋಟ ಕೊಬ್ಬರಿ ತುರಿ, ಎರಡು ಚಮಚ ಹುರಿದ ಗಸಗಸೆ. ಬೇಳೆ ಅರ್ಧ ಗಂಟೆ ನೆನೆಸಿ, ತೆರೆದ ಪಾತ್ರೆಯಲ್ಲಿ ಬೇಯಿಸಿ. ಕುಕ್ಕರಿನಲ್ಲಿ ಒಂದು ಕೂಗು ಹೆಚ್ಚಾದರೂ ಹೂರಣವಾಗುತ್ತದೆ. ಬೆರಳಲ್ಲಿ ಹಿಸುಕಿದರೆ ನುರಿಯಬೇಕು, ಕಾಳಿನ ಆಕಾರ ಮಾತ್ರ ಉಳಿದಿರಬೇಕು. ಬೇಳೆ ಬೆಂದ ನೀರು, ಅಂದರೆ ಕಟ್ಟು, ಪೂರ್ತಿ ಬಸಿಯಿರಿ. ನೀರು ನಿಂತರೆ ಮಡ್ಡಿ ಪಾಯಸವಾಗುತ್ತದೆ, ಸಂಜೆಗೇ ಹಳಸುತ್ತದೆ.

ಬೇಳೆ ಬೇಯುವ ಮೊದಲು ಬೆಲ್ಲ ಹಾಕಿದರೆ ಕೆಲಸ ಕೆಟ್ಟಿತು. ಆಮೇಲೆ ಎಷ್ಟು ಕುದಿಸಿದರೂ ಕಾಳು ಮೆತ್ತಗಾಗುವುದಿಲ್ಲ. ಬೆಲ್ಲವನ್ನು ಕಾಲು ಲೋಟ ನೀರಲ್ಲಿ ಕರಗಿಸಿ, ಮರಳು ಹೋಗುವಂತೆ ಸೋಸಿ, ಅಂಟು ಪಾಕ ಬಂದಾಗ ಬೇಳೆ ಸೇರಿಸಿ. ತುಪ್ಪವನ್ನು ಒಮ್ಮೆಲೇ ಸುರಿಯದೆ ಮೂರು ಸಲ ಬಿಡಿ. ಸಣ್ಣ ಉರಿಯಲ್ಲಿ ತಿರುವುತ್ತ ಇದ್ದರೆ ಮಡ್ಡಿ ಬಾಣಲೆಯ ಅಂಚು ಬಿಡುತ್ತದೆ, ಬದಿಯಲ್ಲಿ ತುಪ್ಪ ಒಸರುತ್ತದೆ. ಆಗ ಇಳಿಸಿ, ಕೊಬ್ಬರಿ, ಗಸಗಸೆ, ತುಪ್ಪದಲ್ಲಿ ಹುರಿದ ಗೋಡಂಬಿ, ದ್ರಾಕ್ಷಿ, ನಾಲ್ಕು ಲವಂಗ, ಏಲಕ್ಕಿ ಪುಡಿ ಬೆರೆಸಿ. ಪಚ್ಚಕರ್ಪೂರ ಸಾಸಿವೆ ಕಾಳಿನಷ್ಟು ಸಾಕು, ಹೆಚ್ಚಾದರೆ ಕಹಿ. ಆ ಬಿಸಿಗೆ ಲವಂಗವೂ ತುಪ್ಪವೂ ಕೂಡಿ ಏಳುವ ಘಮ ದೇವರಮನೆಯಿಂದ ಬೀದಿಬಾಗಿಲವರೆಗೆ ತುಂಬುತ್ತದೆ, ಸ್ತೋತ್ರ ಹೇಳುವವರ ಕಂಠವೂ ಮೃದುವಾಗುತ್ತದೆ.

ತುಳಸಿ ಹಾಕಿ ಮೊದಲು ದೇವರಿಗೆ, ಆಮೇಲೆ ಮುಖ್ಯಪ್ರಾಣರಿಗೆ, ಅನಂತರ ರಾಜರಿಗೆ ಹಸ್ತೋದಕ, ಅಂದರೆ ದೇವರಿಗೆ ನಿವೇದಿಸಿದ್ದರ ಸಮರ್ಪಣೆ. ಹಸಿ ತೆಂಗಿನಕಾಯಿ ಬಳಸಿದ್ದರೆ ಅಂದಿನದನ್ನು ಅಂದೇ ಹಂಚಿ ಮುಗಿಸಿ. ಕೊಬ್ಬರಿಯಾದರೆ ಮರುದಿನಕ್ಕೂ ತಡೆಯುತ್ತದೆ.